ಪಡಸಾಲೆಗೆ ಯಾವ ಬಣ್ಣ?

ಕಳೆದ ಬೇಸಿಗೆಯಲ್ಲಿ ಮನಗೂಳಿಯ ನಮ್ಮ ಬಂಧುಗಳ ಮನೆಗೆ ಹೋದಾಗ ಪಡಸಾಲೆಯ ಗೋಡೆಯ ಮೇಲೆ ಎರಡು ಬಣ್ಣದ ಚೌಕಗಳು ಕಂಡವು. ಒಂದು ಹುರಮಂಜಿನಂಥ ಕೆಂಪು. ಇನ್ನೊಂದು ಹಾಲಿನ ಕೆನೆಗೆ ಚಿಟಿಕೆ ಅರಿಷಿಣ ಬೆರೆಸಿದಂಥ ತಿಳಿಹಳದಿ. ಮಗನ ಮದುವೆ ಸಮೀಪಿಸಿತ್ತು. ಮನೆಯೊಡತಿ ಕೆಂಪಿಗೆ ಮನಸೋತಿದ್ದರು. ತೀರ್ಮಾನ ಮಾತ್ರ ಆಗಿರಲಿಲ್ಲ.

ಎರಡೂ ಬೆಚ್ಚನೆಯ ಬಣ್ಣಗಳೇ. ಮಣ್ಣಿನ ಬಣ್ಣಗಳ ಲೆಕ್ಕದಲ್ಲಿ ಇವು ಒಡಹುಟ್ಟಿದವು ಕೂಡ. ಕೆಮ್ಮಣ್ಣಿಗೂ ಹಳದಿ ಮಣ್ಣಿಗೂ ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ಹಳದಿಯಲ್ಲಿ ನೀರಿನಂಶ ಕೂಡಿರುತ್ತದೆ. ಸುಟ್ಟರೆ ನೀರು ಹೋಗಿ ಕೆಂಪಾಗುತ್ತದೆ. ನಮ್ಮ ಹಿರಿಯರು ಗೋಡೆಗೆ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದರು. ಬೆನ್ನು ತಾಗುವೆಡೆ ಕೆಂಪು, ಬೆಳಕು ಬೇಕಾದೆಡೆ ಬಿಳಿ. ಆ ಲೆಕ್ಕಾಚಾರ ನಮಗಿಂತ ಚೆನ್ನಾಗಿತ್ತೆಂದೇ ನನ್ನ ಎಣಿಕೆ.

ಆ ಪಡಸಾಲೆಯಾದರೋ ದಪ್ಪ ಕಲ್ಲುಗೋಡೆಯದು. ಬೆಳಕಿಗೆ ಮುಂಬಾಗಿಲು ಮತ್ತು ಮಾಳಿಗೆಯ ಬೆಳಕಿಂಡಿ, ಎರಡೇ ದಾರಿ. ತಿಳಿಹಳದಿ ಗೋಡೆಯು ತನ್ನ ಮೇಲೆ ಬಿದ್ದ ಬೆಳಕಿನ ಹೆಚ್ಚುಕಡಿಮೆ ಮುಕ್ಕಾಲು ಭಾಗವನ್ನು ಮರಳಿಸಬಲ್ಲದು. ಇಟ್ಟಿಗೆಗೆಂಪು ಐದರಲ್ಲೊಂದು ಭಾಗ ಮರಳಿಸಿದರೆ ಹೆಚ್ಚು. ಮನೆಯ ಹಿರಿಯ ತಾಯಿ ನಸುಕಿನಲ್ಲಿ ಪೂಜೆಗೆ ಕೂಡುವುದು ಅಲ್ಲಿಯೇ. ಕಣ್ಣು ಮಂಜಾದ ಆ ಜೀವ ಕೆಂಪು ಚೌಕವನ್ನು ನೋಡಿ, “ಛಂದ ಐತಿ ಖರೆ, ಆದ್ರ ಇದರಾಗ ನನಗ ಹೊಸ್ತಿಲಾನ ಕಾಣೂದಿಲ್ಲ ನೋಡವ್ವಾ” ಎಂದರು. ಸೊಸೆ ಮರುಮಾತಾಡಲಿಲ್ಲ.

ಅಂಗಡಿಯ ಚೀಟಿಯಲ್ಲಿ ಕಂಡ ಹಳದಿ ನಾಲ್ಕೂ ಗೋಡೆಗೆ ಬಂದಾಗ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು ಗಾಢವಾಗುತ್ತದೆ. ಆದುದರಿಂದ ಮೆಚ್ಚಿದ್ದಕ್ಕಿಂತ ಒಂದು ಛಾಯೆ ತಿಳಿಯಾದುದನ್ನೇ ಆರಿಸಬೇಕು. ಚೌಕವನ್ನು ಬೆಳಗಿನಲ್ಲಿಯೂ ದೀಪದ ಬೆಳಕಿನಲ್ಲಿಯೂ ನೋಡಿರಿ.

ಇನ್ನೊಂದು ಮಾತು, ಇದು ಬಣ್ಣದ ಅಂದಕ್ಕಿಂತ ಮುಖ್ಯವಾದುದು. ಹಿಂದಿನ ಎಣ್ಣೆಬಣ್ಣಗಳಲ್ಲಿ, ಅದರಲ್ಲೂ ಉಜ್ವಲ ಹಳದಿ, ಕಿತ್ತಳೆ, ಕೆಂಪುಗಳಲ್ಲಿ ಸೀಸದ ಸಂಯುಕ್ತ ಬೆರೆಯುವುದು ಸಾಮಾನ್ಯವಾಗಿತ್ತು. ಮನೆಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಹಳೆಯ ಬಣ್ಣವನ್ನು ಒಣಗಿದಂತೆಯೇ ಕೆರೆಸಬೇಡಿರಿ. ನೀರು ಚಿಮುಕಿಸಿ ಕೆರೆಸಿ, ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿರಿ. ಅಷ್ಟು ದಿನ ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಕೋಣೆಯಿಂದ ದೂರವಿಡಿರಿ.

ಮದುವೆಗೆ ಹೋದಾಗ ನೋಡಿದೆ: ಗೋಡೆಗಳು ತಿಳಿಹಳದಿ. ಕೆಂಪು ಬಣ್ಣ ಬುಡದ ಪಟ್ಟಿಗೂ ಬಾಗಿಲ ಇಕ್ಕೆಲಗಳಿಗೂ ಇಳಿದಿತ್ತು. ಹಿರಿಯ ತಾಯಿಗೆ ಈಗ ಬಾಗಿಲು ದೂರದಿಂದಲೇ ಗುರುತು ಸಿಗುತ್ತದೆಯಂತೆ.