ಐದು ನಿಮಿಷದ ಸ್ಟಾರ್ಟ್ ಬ್ಯಾಟರಿಯನ್ನು ಉಳಿಸದು

ನಿಂತ ಕಾರನ್ನು ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕೆಂಬ ಸಲಹೆಯನ್ನು ಒಪ್ಪಲಾಗದು. ಅಷ್ಟರಲ್ಲಿ ಸ್ಟಾರ್ಟಿಂಗಿನ ಖರ್ಚು ಮರಳಿ ಬಂದರೆ ಹೆಚ್ಚು. ಅಲಾರಾಂ, ಗಡಿಯಾರ, ರಿಮೋಟ್ ಲಾಕ್ ಹಗಲಿರುಳು ಹೀರಿದ್ದು ತುಂಬುವುದಿಲ್ಲ. ಸೀಸ-ಆಮ್ಲ ಬ್ಯಾಟರಿ ಅರೆಬರೆ ಚಾರ್ಜಿನಲ್ಲೇ ಉಳಿದರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಆ ನಷ್ಟ ಬಹುಪಾಲು ಶಾಶ್ವತ. ಮುಚ್ಚಿದ ಗ್ಯಾರೇಜಿನಲ್ಲಿ ಹೀಗೆ ಸ್ಟಾರ್ಟ್ ಮಾಡಿಟ್ಟರೆ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಎರವಾಗಬಹುದು.

ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಿ. ಆಗದಿದ್ದರೆ, ತುಂಬಿದ ಮೇಲೆ ತಾನೇ ವಿದ್ಯುತ್ತು ತಗ್ಗಿಸುವ ಚಾರ್ಜರ್ ಜೋಡಿಸಿ. ತಿಂಗಳುಗಟ್ಟಲೆ ಊರಿಗೆ ಹೋಗುವವರು ಪೂರ್ತಿ ಚಾರ್ಜ್ ಮಾಡಿ ನೆಗೆಟಿವ್ ತಂತಿ ಕಳಚಿಡಿ. ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.4ಕ್ಕಿಂತ ಇಳಿದರೆ ತಡಮಾಡದೆ ಚಾರ್ಜ್ ಮಾಡಿ.