ಭಿತ್ತಿಪತ್ರಿಕೆಯಿಂದ ಆ ಫೋಟೋ ತೆಗೆಯಬೇಕೆ?

ಬೋಧನಾಭ್ಯಾಸದ ನಾಲ್ಕನೇ ವಾರ. ಒಂಬತ್ತನೇ ತರಗತಿಗೆ ಚಲನೆಯ ಎರಡನೇ ನಿಯಮ ಪಾಠ ಮಾಡುತ್ತಿದ್ದೆ. ವೇಗವಾಗಿ ಬರುವ ಚೆಂಡನ್ನು ಹಿಡಿಯುವಾಗ ಕ್ಷೇತ್ರರಕ್ಷಕ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದೇಕೆ ಎಂಬ ಉದಾಹರಣೆ ನಮಗೆಲ್ಲರಿಗೂ ಗೊತ್ತಿರುವುದೇ. ಪಾಠಕ್ಕೆ ಜೀವ ಬರಲಿ ಎಂದು ತರಗತಿಯ ಭಿತ್ತಿಪತ್ರಿಕೆಯಲ್ಲಿ 'ನಮ್ಮ ಆದರ್ಶ ವ್ಯಕ್ತಿಗಳು' ಎಂಬ ಶೀರ್ಷಿಕೆಯ ಕೆಳಗೆ ಮಕ್ಕಳೇ ಅಂಟಿಸಿದ್ದ ಒಬ್ಬ ಕ್ರಿಕೆಟಿಗನ ಫೋಟೋ ತೋರಿಸಿದೆ. ಎರಡನೇ ಸಾಲಿನ ಹುಡುಗಿ ಎದ್ದು ನಿಂತಳು.

"ಮಿಸ್, ಅವ್ರ ಉದಾಹರಣೆ ಬೇಡ. ಟಿವಿಲಿ ಬಂತಲ್ಲ, ಅವ್ರು ಸರಿ ಇಲ್ವಂತೆ. ಫೋಟೋನೂ ತೆಗೀಬೇಕು ಅಂತಿದ್ದೀವಿ."

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೂಡಲೇ ಉತ್ತರ ಕೊಟ್ಟ: "ತೆಗೀಬಾರದು ಮಿಸ್. ಮನೇಲಿ ಏನ್ ಮಾಡಿದ್ರೆ ನಮಗೇನು? ಕ್ಯಾಚ್ ಹಿಡೀತಾರಲ್ಲ!"

ತರಗತಿ ಎರಡು ಪಕ್ಷವಾಯಿತು. ಐದು ನಿಮಿಷ ಕೈತಪ್ಪಿದ ಮೇಲೆ "ಆಮೇಲೆ ಮಾತಾಡೋಣ" ಎಂದು ಹೇಳಿ ಕಪ್ಪುಹಲಗೆಗೆ ತಿರುಗಿದೆ. ಪಾಠ ವೀಕ್ಷಣಾ ಪುಸ್ತಕದಲ್ಲಿ ಆ ದಿನದ ಷರಾ: 'ವಿಷಯಾಂತರವಾಗಿದೆ, ಸಮಯ ನಿರ್ವಹಣೆ ಗಮನಿಸಿ.' ಸಮಯದ ವಿಷಯ ಒಪ್ಪಿದ್ದೇನೆ. ಆದರೆ ಮಕ್ಕಳು ಕೇಳಿದ್ದು ವಿಷಯಾಂತರವೇ ಎಂಬುದರಲ್ಲಿ ನನಗೆ ಅನುಮಾನವಿದೆ. ಒಬ್ಬ ವ್ಯಕ್ತಿಯನ್ನು ನಂಬುವುದು ಎಂದರೇನು, ಆ ನಂಬಿಕೆ ಎಲ್ಲಿಯವರೆಗೆ ಎಂದು ಅವರು ಕೇಳುತ್ತಿದ್ದರು. ಹದಿನಾಲ್ಕು ವರ್ಷದ ಮಕ್ಕಳು ಇದನ್ನು ಶಾಲೆಯಲ್ಲಿ ಕೇಳದೆ ಇನ್ನೆಲ್ಲಿ ಕೇಳಬೇಕು?

ಆ ಕ್ರಿಕೆಟಿಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಬಗ್ಗೆ ಬಂದ ಸುದ್ದಿಯಲ್ಲಿ ನಿಜವೆಷ್ಟು ಎಂಬುದು ನನಗೂ ಗೊತ್ತಿಲ್ಲ, ಮಕ್ಕಳಿಗೂ ಗೊತ್ತಿಲ್ಲ. ಬದಲಿಗೆ ಎಲ್ಲ ಸಂಗತಿಗಳೂ ಹೊರಬಂದಿರುವ, ಆಟಗಾರನೇ ತಪ್ಪು ಒಪ್ಪಿಕೊಂಡಿರುವ, ನಮ್ಮ ತರಗತಿಯಲ್ಲಿ ಯಾರೂ ಅಭಿಮಾನಿಗಳಲ್ಲದ ಒಂದು ಪ್ರಕರಣ ತೆಗೆದುಕೊಳ್ಳುತ್ತೇನೆ. ಘರ್ಷಣೆ ಇಲ್ಲದ ಮೇಲ್ಮೈಯನ್ನು ಊಹಿಸಿಕೊಂಡು ನಿಯಮ ಕಲಿಸಿ, ಆಮೇಲೆ ನಿಜವಾದ ನೆಲಕ್ಕೆ ಬರುತ್ತೇವಲ್ಲ, ಹಾಗೆ.

ಅಮೆರಿಕದ ಗಾಲ್ಫ್ ಆಟಗಾರ ಟೈಗರ್ ವುಡ್ಸ್ 1997ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೇ ಮಾಸ್ಟರ್ಸ್ ಟೂರ್ನಿಯನ್ನು 12 ಹೊಡೆತಗಳ ಅಂತರದಲ್ಲಿ ಗೆದ್ದರು. 2008ರ ಹೊತ್ತಿಗೆ 14 ಮೇಜರ್ ಪ್ರಶಸ್ತಿಗಳಿದ್ದವು. ಕಂಪನಿಗಳು ಅವರ ಆಟದ ಜೊತೆಗೆ ಇನ್ನೊಂದನ್ನೂ ಮಾರುತ್ತಿದ್ದವು: ಸಂಯಮ, ಶಿಸ್ತು, ಒಳ್ಳೆಯ ಸಂಸಾರಸ್ಥ ಎಂಬ ಚಿತ್ರ. 2009ರ ನವೆಂಬರ್ 27ರ ನಸುಕಿನಲ್ಲಿ ಫ್ಲಾರಿಡಾದ ಅವರ ಮನೆಯ ಹತ್ತಿರ ಕಾರು ಅಪಘಾತವಾಯಿತು. ಅದರ ಹಿಂದೆಯೇ ಅವರ ವಿವಾಹೇತರ ಸಂಬಂಧಗಳ ಸುದ್ದಿ ಒಂದೊಂದಾಗಿ ಹೊರಬಿತ್ತು. ಡಿಸೆಂಬರ್ 11ರಂದು ತಪ್ಪು ಒಪ್ಪಿಕೊಂಡು ಆಟದಿಂದ ಅನಿರ್ದಿಷ್ಟ ಕಾಲ ದೂರ ಸರಿದರು. 2010ರ ಫೆಬ್ರವರಿ 19ರಂದು ಟಿವಿ ಕ್ಯಾಮೆರಾಗಳ ಮುಂದೆ ಕ್ಷಮೆ ಕೇಳಿದರು. ಸಾಮಾನ್ಯರ ನಿಯಮಗಳು ತನಗೆ ಅನ್ವಯಿಸುವುದಿಲ್ಲ ಎಂದು ಭಾವಿಸಿದ್ದೆ ಎಂಬ ಅರ್ಥದ ಮಾತನ್ನು ಅಂದು ಅವರೇ ಹೇಳಿದರು. ಅದೇ ವರ್ಷ ಆಗಸ್ಟ್‌ನಲ್ಲಿ ವಿಚ್ಛೇದನವಾಯಿತು.

ಈಗ ಯಾರು ಅವರನ್ನು ಬಿಟ್ಟರು, ಯಾರು ಬಿಡಲಿಲ್ಲ ಎಂಬುದನ್ನು ಗಮನಿಸಬೇಕು. ಸಲಹಾ ಸಂಸ್ಥೆ ಆಕ್ಸೆಂಚರ್ ಡಿಸೆಂಬರ್‌ನಲ್ಲೇ ಕೈಬಿಟ್ಟಿತು. ಎಟಿ ಅಂಡ್ ಟಿ ವರ್ಷದ ಕೊನೆಯ ದಿನ ಹೊರನಡೆಯಿತು. ಗೇಟೊರೇಡ್ ಫೆಬ್ರವರಿಯಲ್ಲಿ ಬಿಟ್ಟಿತು. ಆದರೆ ಶೂ, ಬಟ್ಟೆ, ಗಾಲ್ಫ್ ಸಾಮಗ್ರಿ ಮಾರುತ್ತಿದ್ದ ನೈಕಿ ಬಿಡಲಿಲ್ಲ. ಆ ಒಪ್ಪಂದ 2024ರ ಜನವರಿಯವರೆಗೂ ನಡೆಯಿತು. ಈ ವ್ಯತ್ಯಾಸಕ್ಕೆ ಕಾರಣವಿದೆ ಎಂದು ನನಗನಿಸುತ್ತದೆ. ಆಕ್ಸೆಂಚರ್‌ಗೆ ಮಾರಲು ಯಾವ ವಸ್ತುವೂ ಇರಲಿಲ್ಲ. 'ನಮ್ಮ ನಿರ್ಧಾರಗಳನ್ನು ನಂಬಿ' ಎಂದು ಹೇಳಲು ಅದು ವುಡ್ಸ್ ಅವರ ಮುಖವನ್ನು ಬಳಸುತ್ತಿತ್ತು. ನೈಕಿ ಎರವಲು ಪಡೆದಿದ್ದು ಹೊಡೆತದ ಕೌಶಲವನ್ನು. ಅಪಘಾತದ ರಾತ್ರಿಯ ನಂತರವೂ ಆ ಕೌಶಲ ಹಾಗೆಯೇ ಇತ್ತು. ಆಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಇಬ್ಬರು ಅರ್ಥಶಾಸ್ತ್ರಜ್ಞರು ವುಡ್ಸ್ ಪ್ರಾಯೋಜಕ ಕಂಪನಿಗಳ ಷೇರುದಾರರಿಗೆ ಆದ ನಷ್ಟವನ್ನು 500ರಿಂದ 1200 ಕೋಟಿ ಡಾಲರ್ ಎಂದು ಅಂದಾಜು ಮಾಡಿದ್ದರು. ಒಬ್ಬ ಮನುಷ್ಯನ ಮನೆಯೊಳಗಿನ ತಪ್ಪಿಗೆ ಮಾರುಕಟ್ಟೆ ಇಷ್ಟು ಬೆಲೆ ಕಟ್ಟಿದ್ದು, ಆ ಮನೆಯ ಚಿತ್ರವನ್ನೂ ಮೊದಲೇ ಮಾರಾಟಕ್ಕೆ ಇಟ್ಟಿದ್ದರಿಂದ.

ಇಲ್ಲಿಂದ ನನ್ನ ವಾದಕ್ಕೆ ಬರುತ್ತೇನೆ. ವಿಶ್ವಾಸಾರ್ಹತೆ ಎಂಬ ಒಂದೇ ಪದದಲ್ಲಿ ನಾವು ಮೂರು ಬೇರೆ ಬೇರೆ ವಿಷಯಗಳನ್ನು ತುಂಬಿಬಿಟ್ಟಿದ್ದೇವೆ. ಮೊದಲನೆಯದು ಆಟದ ಮೇಲಿನ ನಂಬಿಕೆ: ಇವರ ಅಂಕ, ಇವರ ಸಮಯ, ಇವರ ಗೆಲುವು ನಿಜವೇ? ಎರಡನೆಯದು ಮಾತಿನ ಮೇಲಿನ ನಂಬಿಕೆ: ಇವರು ಹೇಳಿದ್ದು ನಿಜವೇ? ಮೂರನೆಯದು ಮಾದರಿಯಾಗಿ ಇಟ್ಟುಕೊಳ್ಳುವ ನಂಬಿಕೆ: ಇವರಂತೆ ಬದುಕು ಎಂದು ಮಗುವಿಗೆ ಹೇಳಬಹುದೇ? ವುಡ್ಸ್ ಪ್ರಕರಣದಲ್ಲಿ ಮೊದಲನೆಯದು ಅಲುಗಲಿಲ್ಲ. ಎರಡನೆಯದು ಬಿರುಕುಬಿಟ್ಟಿತು. ಮೂರನೆಯದು ಬಿದ್ದುಹೋಯಿತು. ಹಿಂದಿನ ಬೆಂಚಿನ ಹುಡುಗ ಮೊದಲನೆಯದನ್ನು, ಎರಡನೇ ಸಾಲಿನ ಹುಡುಗಿ ಮೂರನೆಯದನ್ನು ಮಾತಾಡುತ್ತಿದ್ದರು. ಇಬ್ಬರೂ ಸರಿಯೇ ಇದ್ದರು. ಅವರ ಜಗಳಕ್ಕೆ ಕಾರಣ ನಮ್ಮ ಭಿತ್ತಿಪತ್ರಿಕೆಯ ಶೀರ್ಷಿಕೆ.

ಸೈಕಲ್ ಸ್ಪರ್ಧಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ವಿಂಗಡಣೆ ಇನ್ನೂ ಸ್ಪಷ್ಟವಾಗುತ್ತದೆ. ಕ್ಯಾನ್ಸರ್ ಗೆದ್ದು ಬಂದು 1999ರಿಂದ 2005ರವರೆಗೆ ಸತತ ಏಳು ಬಾರಿ ಟೂರ್ ಡಿ ಫ್ರಾನ್ಸ್ ಗೆದ್ದವರು. ಉದ್ದೀಪನ ಮದ್ದಿನ ಆರೋಪ ಬಂದಾಗಲೆಲ್ಲ ನಿರಾಕರಿಸಿದರು, ಸತ್ಯ ಹೇಳಿದವರನ್ನೇ ನ್ಯಾಯಾಲಯಕ್ಕೆ ಎಳೆದರು. 2012ರಲ್ಲಿ ಏಳೂ ಪ್ರಶಸ್ತಿಗಳು ರದ್ದಾದವು. 2013ರ ಜನವರಿಯಲ್ಲಿ ಟಿವಿ ಸಂದರ್ಶನದಲ್ಲಿ ಒಪ್ಪಿಕೊಂಡರು. ಅವರ ಮೋಸ ಇದ್ದದ್ದು ಆಟದ ಒಳಗೇ. ಹಾಗಾಗಿ ಮೂರೂ ನಂಬಿಕೆಗಳು ಒಟ್ಟಿಗೆ ಹೋದವು. ವುಡ್ಸ್ 2019ರ ಏಪ್ರಿಲ್‌ನಲ್ಲಿ, ನಲವತ್ತಮೂರನೇ ವಯಸ್ಸಿನಲ್ಲಿ, ಹನ್ನೊಂದು ವರ್ಷಗಳ ನಂತರ ಮತ್ತೊಂದು ಮೇಜರ್ ಗೆದ್ದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಳೆಯ ದಾಖಲೆಗಳು ನಿಜವಾಗಿದ್ದವು, ಹೊಸ ಗೆಲುವನ್ನು ಅವುಗಳ ಮುಂದೆ ಸೇರಿಸಬಹುದಿತ್ತು. ಆರ್ಮ್‌ಸ್ಟ್ರಾಂಗ್ ಅವರಿಗೆ ಹಿಂದಿರುಗಲು ಅಂಥ ಜಾಗ ಉಳಿದಿರಲಿಲ್ಲ.

ಹಾಗಾದರೆ ಆಟ ಗೆದ್ದರೆ ಸಾಕು, ಉಳಿದದ್ದೆಲ್ಲ ಮಾಫಿಯೇ? ಇಲ್ಲಿ ನನಗೆ ತಕರಾರಿದೆ. 2013ರ ಮಾರ್ಚ್‌ನಲ್ಲಿ ವುಡ್ಸ್ ಮತ್ತೆ ವಿಶ್ವದ ಒಂದನೇ ಸ್ಥಾನಕ್ಕೆ ಬಂದಾಗ, ಗೆಲುವು ಎಲ್ಲವನ್ನೂ ಸರಿಮಾಡುತ್ತದೆ ಎಂಬ ಅರ್ಥದ ಜಾಹೀರಾತನ್ನು ನೈಕಿ ಹಾಕಿತು. ಬಹಳ ಮಂದಿ ಅದನ್ನು ಟೀಕಿಸಿದರು. ಆ ಟೀಕೆ ನ್ಯಾಯವಾದದ್ದು. ಗೆಲುವು ಮೊದಲನೇ ನಂಬಿಕೆಯನ್ನು ಗಟ್ಟಿಮಾಡುತ್ತದೆ, ಅಷ್ಟೇ. ಮನೆಯವರಿಗೆ ಆದ ನೋವು ಕಪ್ ಗೆದ್ದುಕೊಂಡು ಬಂದರೆ ವಾಸಿಯಾಗುವುದಿಲ್ಲ. ಭೌತಶಾಸ್ತ್ರದ ಅಂಕ ಗಣಿತದ ಫೇಲನ್ನು ಮುಚ್ಚುವುದಿಲ್ಲ ಎಂದು ನಾವೇ ಮಕ್ಕಳಿಗೆ ಹೇಳುತ್ತೇವಲ್ಲ!

ಇನ್ನೊಂದು ಎಚ್ಚರಿಕೆಯೂ ಬೇಕು. ಎಲ್ಲವನ್ನೂ 'ವೈಯಕ್ತಿಕ' ಎಂಬ ಚೀಲಕ್ಕೆ ತುಂಬಬಾರದು. ಬಾಕ್ಸರ್ ಮೈಕ್ ಟೈಸನ್ ಅವರಿಗೆ 1992ರಲ್ಲಿ ಅತ್ಯಾಚಾರ ಪ್ರಕರಣದಲ್ಲಿ ಶಿಕ್ಷೆಯಾಯಿತು. ಅದನ್ನು ಹಗರಣ ಎಂದು ಕರೆದರೆ ನೊಂದವರು ಕಣ್ಮರೆಯಾಗುತ್ತಾರೆ. ಅದು ಅಪರಾಧ. ಆಟಗಾರನ ಹೆಸರಿಗೆ ಏನಾಯಿತು ಎಂದು ಕೇಳುವ ಮೊದಲು ಇನ್ನೊಬ್ಬರಿಗೆ ಏನಾಯಿತು ಎಂದು ಕೇಳಬೇಕು.

ನಮ್ಮ ಕರ್ನಾಟಕದ ಆಟಗಾರರೊಬ್ಬರೂ ಇಂಥ ಚರ್ಚೆಯಲ್ಲಿ ಸಿಕ್ಕಿದ್ದು ಮಕ್ಕಳಿಗೆ ಗೊತ್ತಿರಬಹುದು. 2019ರ ಜನವರಿಯಲ್ಲಿ ಪ್ರಸಾರವಾದ ಒಂದು ಟಿವಿ ಕಾರ್ಯಕ್ರಮದಲ್ಲಿ ಮಹಿಳೆಯರ ಬಗ್ಗೆ ಆಡಿದ ಮಾತುಗಳಿಗಾಗಿ ಹಾರ್ದಿಕ್ ಪಾಂಡ್ಯ ಮತ್ತು ಕೆ.ಎಲ್. ರಾಹುಲ್ ಅವರನ್ನು ಬಿಸಿಸಿಐ ಅಮಾನತು ಮಾಡಿ ಆಸ್ಟ್ರೇಲಿಯಾದಿಂದ ವಾಪಸ್ ಕರೆಸಿತು. ಸುಮಾರು ಎರಡು ವಾರದಲ್ಲಿ ಅಮಾನತು ತೆರವಾಯಿತು. ಏಪ್ರಿಲ್‌ನಲ್ಲಿ ಇಬ್ಬರಿಗೂ ತಲಾ 20 ಲಕ್ಷ ರೂಪಾಯಿ ದಂಡ ಬಿತ್ತು. ಅದರಲ್ಲಿ ಅರ್ಧ ಹುತಾತ್ಮ ಯೋಧರ ಕುಟುಂಬಗಳಿಗೆ, ಇನ್ನರ್ಧ ಅಂಧರ ಕ್ರಿಕೆಟ್‌ಗೆ ಕೊಡಬೇಕೆಂದು ಆದೇಶವಾಯಿತು. ಅದೇ ವರ್ಷ ಇಬ್ಬರೂ ವಿಶ್ವಕಪ್ ಆಡಿದರು. ತಪ್ಪು ಇಂಥದ್ದು, ಶಿಕ್ಷೆ ಇಷ್ಟು, ನಂತರ ದಾರಿ ತೆರೆದಿದೆ ಎಂಬ ಅಳತೆ ಇಲ್ಲಿತ್ತು. ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಮಾತು ಆಡಿದ್ದು ಮಹಿಳೆಯರ ಬಗ್ಗೆ, ದಂಡದ ಹಣ ಹೋದದ್ದು ಬೇರೆ ಒಳ್ಳೆಯ ಕೆಲಸಗಳಿಗೆ. ತಪ್ಪಿಗೂ ತಿದ್ದುಪಡಿಗೂ ಸಂಬಂಧ ಕಾಣದಿದ್ದರೆ ಮಕ್ಕಳು ಅದರಿಂದ ಕಲಿಯುವುದೇನು?

ಕೊನೆಯದಾಗಿ, ಸಾರ್ವಜನಿಕರ ಈ ನಂಬಿಕೆ ಎಂಬ ಉಪಕರಣವನ್ನೇ ಪರೀಕ್ಷಿಸಬೇಕು. ವರ್ನಿಯರ್ ಕ್ಯಾಲಿಪರ್ಸ್ ಕೈಗೆತ್ತಿಕೊಂಡ ಕೂಡಲೇ ನಾವು ಶೂನ್ಯ ದೋಷ ನೋಡುತ್ತೇವೆ. ಜನಾಭಿಪ್ರಾಯಕ್ಕೂ ಅಂಥ ದೋಷವಿದೆ. ತಮಿಳುನಾಡಿನ ಬಡ ಕುಟುಂಬದ ಓಟಗಾರ್ತಿ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆಯ ನೆಪದಲ್ಲಿ ಪದಕ ಕಿತ್ತುಕೊಳ್ಳಲಾಯಿತು. ಅವರ ದೇಹದ ಅತ್ಯಂತ ಖಾಸಗಿ ಸಂಗತಿ ದೇಶದ ಸುದ್ದಿಯಾಯಿತು. ಅವರು ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡುತ್ತಿದ್ದುದು ಮುಂದೆ ಪತ್ರಿಕೆಗಳಲ್ಲಿ ಬಂತು. ಅವರು ಯಾರಿಗೂ ಮೋಸ ಮಾಡಿರಲಿಲ್ಲ, ಸುಳ್ಳೂ ಹೇಳಿರಲಿಲ್ಲ. ಆದರೂ ಹಗರಣದ ಕಳಂಕ ಅವರಿಗೆ ಅಂಟಿತು. ನಿಜವಾಗಿ ನಂಬಿಕೆ ಮುರಿದ ಶ್ರೀಮಂತ ಆಟಗಾರನಿಗೆ ಹತ್ತು ವರ್ಷದಲ್ಲಿ ಚಪ್ಪಾಳೆ, ಏನೂ ಮಾಡದ ಬಡ ಹುಡುಗಿಗೆ ಇಟ್ಟಿಗೆ ಗೂಡು. ಈ ದೋಷವನ್ನು ಕಳೆಯದೆ ಯಾರ ಫೋಟೋವನ್ನೂ ನಾವು ಗೋಡೆಯಿಂದ ಇಳಿಸಬಾರದು, ಏರಿಸಲೂಬಾರದು.

"ಅಷ್ಟೆಲ್ಲ ಯಾಕೆ? ಅನುಮಾನ ಬಂದವರ ಫೋಟೋ ತೆಗೆದು ಅಬ್ದುಲ್ ಕಲಾಂ ಅವರದ್ದು ಹಾಕಿದರಾಯಿತು" ಎಂದು ಸ್ಟಾಫ್ ರೂಮಿನಲ್ಲಿ ಸಹಪಾಠಿಯೊಬ್ಬರು ಹೇಳಿದರು. ಸುಲಭದ ದಾರಿ, ನಿಜ. ಆದರೆ ಫೋಟೋ ಬದಲಾಯಿಸಿದರೆ ಮಕ್ಕಳು ಕಲಿಯುವುದು ಇಷ್ಟೇ: ಮನುಷ್ಯರು ಪೂರ್ತಿ ಒಳ್ಳೆಯವರು ಅಥವಾ ಪೂರ್ತಿ ಕೆಟ್ಟವರು, ಮತ್ತು ಕೆಟ್ಟವರ ಬಗ್ಗೆ ಮಾತಾಡಬಾರದು. ನಾಳೆ ತಮ್ಮ ಮನೆಯಲ್ಲೇ ಯಾರೋ ತಪ್ಪು ಮಾಡಿದಾಗ, ಅಥವಾ ತಾವೇ ಮಾಡಿದಾಗ, ಈ ಪಾಠ ಅವರಿಗೆ ನೆರವಾಗುವುದಿಲ್ಲ. 1993ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಚಾರ್ಲ್ಸ್ ಬಾರ್ಕ್ಲಿ ಒಂದು ಜಾಹೀರಾತಿನಲ್ಲಿ ತಾನು ಆದರ್ಶ ವ್ಯಕ್ತಿಯಲ್ಲ, ಆ ಕೆಲಸ ತಂದೆ ತಾಯಿಯರದ್ದು ಎಂದು ಹೇಳಿದ್ದು ದೊಡ್ಡ ಚರ್ಚೆಯಾಗಿತ್ತು. ಅವರ ಮಾತನ್ನು ಪೂರ್ತಿ ಒಪ್ಪುವುದು ಕಷ್ಟ. ಮಕ್ಕಳ ಅಭಿಮಾನದಿಂದ ಹಣ ಗಳಿಸುವವರಿಗೆ ಅವರ ಬಗ್ಗೆ ಸ್ವಲ್ಪ ಹೊಣೆಯೂ ಇರಬೇಕು. ಆದರೆ ತಂದೆ ತಾಯಿಯ ಪಕ್ಕದಲ್ಲಿ ಅವರು ಬಿಟ್ಟ ಒಂದು ಹೆಸರನ್ನು ನಾವು ಸೇರಿಸಿಕೊಳ್ಳಬೇಕು. ಅದು ಶಿಕ್ಷಕರದ್ದು. ನಾವು ತರಗತಿಯ ಹೊರಗೆ ಹೇಗಿರುತ್ತೇವೆ ಎಂಬುದನ್ನೂ ಊರು ನೋಡುತ್ತದೆ, ಮಕ್ಕಳು ನೋಡುತ್ತಾರೆ. ಆಟಗಾರನ ಮೇಲೆ ಹಾಕುವ ಅಳತೆಯನ್ನು ನಮ್ಮ ಮೇಲೂ ಹಾಕಿಕೊಳ್ಳಲು ಸಿದ್ಧರಿರಬೇಕು.

ಬೋಧನಾಭ್ಯಾಸದ ಕೊನೆಯ ವಾರ ಒಂದು ಖಾಲಿ ಅವಧಿ ಸಿಕ್ಕಿತು. ವುಡ್ಸ್ ಮತ್ತು ಶಾಂತಿ ಇಬ್ಬರ ಕಥೆಯನ್ನೂ ಹೇಳಿದೆ. ವುಡ್ಸ್ ಏನು ಮಾಡಿದರು ಎಂದು ಕೇಳಿದಾಗ 'ಮನೆಯವರ ನಂಬಿಕೆಗೆ ದ್ರೋಹ ಮಾಡಿದರು' ಎಂದೆ. ಆ ವಯಸ್ಸಿಗೆ ಅಷ್ಟು ಸಾಕಾಯಿತು, ಯಾರೂ ಮುಂದೆ ಕೆದಕಲಿಲ್ಲ. ಆಮೇಲೆ ನಾಲ್ಕು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದೆ: ಸುದ್ದಿ ನಿಜವೆಂದು ನಮಗೆ ಹೇಗೆ ಗೊತ್ತು? ನೋವಾದದ್ದು ಯಾರಿಗೆ? ಇವರ ಆಟ ನಿಜವೇ? ಇವರಿಂದ ನಾವು ಕಲಿಯುವುದು ಯಾವುದನ್ನು, ಬಿಡುವುದು ಯಾವುದನ್ನು?

ಮಕ್ಕಳು ಫೋಟೋ ತೆಗೆಯಲಿಲ್ಲ. 'ನಮ್ಮ ಆದರ್ಶ ವ್ಯಕ್ತಿಗಳು' ಎಂಬ ಶೀರ್ಷಿಕೆ ತೆಗೆದು 'ಇವರಿಂದ ನಾವು ಕಲಿತದ್ದು' ಎಂದು ಬರೆದರು. ಪ್ರತಿ ಫೋಟೋದ ಕೆಳಗೆ ಒಂದೊಂದು ಸಾಲು. ಆ ಕ್ರಿಕೆಟಿಗನ ಕೆಳಗೆ ಎರಡನೇ ಸಾಲಿನ ಹುಡುಗಿಯ ಅಕ್ಷರದಲ್ಲಿ ಹೀಗಿತ್ತು: 'ಚೆಂಡು ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ಳುವುದು. ಉಳಿದದ್ದು ಇನ್ನೂ ಗೊತ್ತಿಲ್ಲ.' ಅದರ ಪಕ್ಕದಲ್ಲಿ ಸ್ವಲ್ಪ ಜಾಗ ಖಾಲಿ ಬಿಟ್ಟಿದ್ದರು. ಶಾಂತಿ ಅವರ ಫೋಟೋ ಹುಡುಕಿ ತರುತ್ತೇನೆಂದು ಹಿಂದಿನ ಬೆಂಚಿನ ಹುಡುಗ ಹೇಳಿದ್ದಾನೆ.