ಲಿಖಿತಪಾಠಕನ ಪರವಾಗಿ

ಕರ್ನಾಟಕ ಸಂಗೀತವು ಬಾಯಿಂದ ಕಿವಿಗೆ ದಾಟಿಬಂದ ವಿದ್ಯೆ, ಆದ್ದರಿಂದ ಅದಕ್ಕೆ ಸ್ವರಲಿಪಿಯನ್ನು ಓದುವ ಅಭ್ಯಾಸ ಬೇಕಿಲ್ಲ, ಲಿಪಿಯೆಂಬುದು ಪಾಶ್ಚಾತ್ಯರಿಂದ ಎರವಲು ತಂದ ಊರುಗೋಲು ಎಂಬ ಮಾತು ಸಂಗೀತವಲಯದಲ್ಲಿ ಸಿದ್ಧಾಂತದಂತೆ ಚಲಾವಣೆಯಲ್ಲಿದೆ. ಇದರ ಮೊದಲ ಭಾಗ ಅರ್ಧಸತ್ಯ, ಕೊನೆಯ ಭಾಗ ಅಜ್ಞಾನ. ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು 13ನೆಯ ಶತಮಾನದಲ್ಲಿಯೇ ‘ಸಂಗೀತರತ್ನಾಕರ’ದಲ್ಲಿ ಸ್ವರಾಕ್ಷರಗಳಿಂದ ರಾಗರೂಪಗಳನ್ನು ಬರೆದಿಟ್ಟಿದ್ದಾನೆ, ಅವನಿಗಿಂತ ಹಲವು ಶತಮಾನಗಳ ಹಿಂದೆ ತಮಿಳುನಾಡಿನ ಪುದುಕ್ಕೋಟ್ಟೈ ಸಮೀಪದ ಕುಡುಮಿಯಾನ್‌ಮಲೈಯಲ್ಲಿ ಅವುಗಳನ್ನು ಬಂಡೆಯ ಮೇಲೆಯೇ ಕಂಡರಿಸಲಾಗಿತ್ತು.

ಆದರೂ ಲಿಪಿಯನ್ನು ಶಂಕಿಸುವವರಲ್ಲಿ ಗೌರವಕ್ಕೆ ಅರ್ಹವಾದ ವಾದವೊಂದಿದೆ. ಈ ಸಂಗೀತದ ಜೀವವಿರುವುದು ಗಮಕದಲ್ಲಿ, ಅಂದರೆ ಒಂದು ಸ್ವರವು ಅಕ್ಕಪಕ್ಕದ ಸ್ವರಗಳನ್ನು ಸೋಕುತ್ತ ತೂಗುವ, ಜಾರುವ, ನಡುಗುವ ಬಗೆಯಲ್ಲಿ. ತೋಡಿಯ ಗಾಂಧಾರವನ್ನು ಪುಸ್ತಕವು ‘ಗ’ ಎಂದು ಒಂದೇ ಅಕ್ಷರದಲ್ಲಿ ಮುಗಿಸುತ್ತದೆ, ಆದರೆ ಕಂಠದಲ್ಲಿ ಅದು ರಿಷಭ ಮಧ್ಯಮಗಳ ನಡುವೆ ಉಯ್ಯಾಲೆಯಾಡುತ್ತದೆ. ‘ರಿ’ ಎಂಬ ಅಕ್ಷರ ಮಾಯಾಮಾಳವಗೌಳದಲ್ಲಿ ಶುದ್ಧ ರಿಷಭ, ಶಂಕರಾಭರಣದಲ್ಲಿ ಚತುಃಶ್ರುತಿ ರಿಷಭ. ಪುಟದ ಮೇಲೆ ಮಾತ್ರ ಎರಡೂ ಒಂದೇ. ಬರೆದದ್ದನ್ನು ನೋಡಿ ಒಪ್ಪಿಸುವ ಲಿಖಿತಪಾಠಕನನ್ನು ಪಾಣಿನೀಯ ಶಿಕ್ಷೆಯು ಆರು ಬಗೆಯ ಅಧಮ ಪಾಠಕರಲ್ಲಿ ಎಣಿಸಿರುವುದರ ಹಿಂದೆಯೂ ಇಂಥದೇ ಅನುಭವವಿದ್ದೀತು.

ಈ ವಾದ ಲಿಪಿಯ ಮಿತಿಯನ್ನು ಸರಿಯಾಗಿಯೇ ಗುರುತಿಸುತ್ತದೆ. ಎಡವುವುದು ಓದುವಿಕೆಯ ಸ್ವರೂಪವನ್ನು ತಿಳಿಯುವಲ್ಲಿ. ‘ಬಂದೆಯಾ’ ಎಂಬ ಬರಹದಲ್ಲಿ ಅಕ್ಕರೆಯಿದೆಯೋ ಗದರಿಕೆಯಿದೆಯೋ ಎಂಬುದನ್ನು ಯಾವ ಅಕ್ಷರವೂ ಹೇಳುವುದಿಲ್ಲ. ಕನ್ನಡ ಬಲ್ಲವನು ಸಂದರ್ಭ ನೋಡಿ ಅದನ್ನು ತಾನೇ ತುಂಬಿಕೊಳ್ಳುತ್ತಾನೆ, ಹಾಗೆಂದು ಕನ್ನಡ ಲಿಪಿ ನಿರುಪಯುಕ್ತವೆಂದು ಯಾರೂ ಹೇಳಿಲ್ಲ. ತೋಡಿಯನ್ನು ಕೇಳಿ ಬಲ್ಲವನಿಗೆ ‘ಗ’ ಎಂಬ ಒಂದಕ್ಷರವೇ ಸಾಕು. ತೋಡಿಯನ್ನೇ ಕೇಳದವನಿಗೆ ನೂರು ಚಿಹ್ನೆಗಳೂ ಸಾಲವು.

ಕುಡುಮಿಯಾನ್‌ಮಲೈ ಶಾಸನದ ಕಥೆಯೇ ಇದು. ಪಲ್ಲವ ಗ್ರಂಥಲಿಪಿಯ ಆ ಬರಹದಲ್ಲಿ ಏಳು ವಿಭಾಗಗಳಿವೆ, ಸ್ವರಗಳು ನಾಲ್ಕುನಾಲ್ಕರ ಗುಂಪುಗಳಲ್ಲಿ ಸಾಲುಗೊಂಡಿವೆ, ಮತ್ತು ಒಂದೇ ಸ್ವರದ ಹೆಸರು ಅ, ಇ, ಉ, ಎ ಎಂಬ ಬೇರೆಬೇರೆ ಕಾಗುಣಿತಗಳಲ್ಲಿ ಬರುತ್ತದೆ. ಈ ಕಾಗುಣಿತಭೇದ ಶ್ರುತಿಯ ಏರಿಳಿತವನ್ನು ಸೂಚಿಸುತ್ತದೆಯೋ, ವೀಣೆ ಮೀಟುವ ಕ್ರಮವನ್ನೋ, ಕೆಲವು ಅಕ್ಷರಗಳ ತಲೆಯ ಮೇಲಿನ ಚುಕ್ಕೆಗಳಿಗೆ ಏನರ್ಥ ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಕಲ್ಲು ಸವೆದಿಲ್ಲ, ಅಕ್ಷರ ಅಳಿದಿಲ್ಲ. ಅದನ್ನು ಓದಬಲ್ಲ ಕಿವಿಗಳ ಸಂತತಿ ನಿಂತುಹೋಗಿ ನಾದ ಮೌನವಾಗಿದೆ. ಲಿಪಿವಿರೋಧಿಗಳು ಬೇಕಾದರೆ ಇದನ್ನು ತಮ್ಮ ಸಾಕ್ಷಿಯೆಂದೇ ಕರೆದುಕೊಳ್ಳಲಿ. ಆದರೆ ಅವರು ದಾಸರ ಪದಗಳ ಗತಿಗೂ ಉತ್ತರ ಹೇಳಬೇಕಾಗುತ್ತದೆ. ಓಲೆಗರಿ ಮತ್ತು ಕೈಬರಹದ ಪುಸ್ತಕಗಳಲ್ಲಿ ಪದಗಳ ತಲೆಬರಹವಾಗಿ ರಾಗ ತಾಳಗಳ ಹೆಸರು ಸಿಗುತ್ತದೆ, ಸ್ವರ ಸಿಗುವುದಿಲ್ಲ. ಹಾಗಾಗಿ ಸರಳೆವರಸೆಯಿಂದ ಮೊದಲ್ಗೊಂಡು ಪಾಠಕ್ರಮವನ್ನೇ ರೂಪಿಸಿದನೆಂದು ಪರಂಪರೆ ಕೊಂಡಾಡುವ ಪುರಂದರದಾಸನ ಸ್ವಂತ ಧಾಟಿ ಯಾವುದೆಂದು ಇಂದು ಯಾರೂ ಹಾಡಿ ತೋರಿಸಲಾರರು. ಒಂದೇ ಪದ ಊರಿಗೊಂದು ರಾಗದಲ್ಲಿ ಕೇಳಿಬರುತ್ತದೆ. ಈ ವೈವಿಧ್ಯವನ್ನು ಸ್ವಾತಂತ್ರ್ಯವೆಂದು ಹೊಗಳಬಹುದು, ಆದರೆ ಅದು ಆಯ್ದುಕೊಂಡ ಸ್ವಾತಂತ್ರ್ಯವಲ್ಲ, ನಷ್ಟದಿಂದ ಒದಗಿದ್ದು.

ಕಿವಿ ಮತ್ತು ಲಿಪಿ ಎರಡೂ ಕೈಗೂಡಿದಾಗ ಏನಾಗುತ್ತದೆಂಬುದಕ್ಕೆ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ನಿದರ್ಶನ. ಮುತ್ತುಸ್ವಾಮಿ ದೀಕ್ಷಿತರ ವಂಶದ ಸುಬ್ಬರಾಮ ದೀಕ್ಷಿತರು ತೆಲುಗು ಲಿಪಿಯಲ್ಲಿ ರಚಿಸಿದ, 1904ರಲ್ಲಿ ಎಟ್ಟಯಪುರದಲ್ಲಿ ಅಚ್ಚಾದ ಈ ಮಹಾಗ್ರಂಥದಲ್ಲಿ ಕಂಪಿತ, ಸ್ಫುರಿತ, ನೊಕ್ಕು, ಜಾರು ಮುಂತಾದ ಗಮಕಗಳಿಗೆ ಪ್ರತ್ಯೇಕ ಚಿಹ್ನೆಗಳಿವೆ. (ದಕ್ಷಿಣದ ಕೃತಿಗಳನ್ನು ಪಾಶ್ಚಾತ್ಯ ಸ್ಟಾಫ್ ನೊಟೇಷನ್ನಿನಲ್ಲಿ ಅಚ್ಚು ಹಾಕಿಸಿದ್ದ ಚಿನ್ನಸ್ವಾಮಿ ಮೊದಲಿಯಾರರೇ ಇದರ ಪ್ರೇರಕರಲ್ಲಿ ಒಬ್ಬರೆಂಬುದನ್ನು ಮಡಿವಂತರು ಗಮನಿಸಬೇಕು.) ಮುತ್ತುಸ್ವಾಮಿ ದೀಕ್ಷಿತರ ಕೃತಿಯೊಂದರ ಪಾಠದ ಬಗ್ಗೆ ವಿವಾದ ಎದ್ದಾಗ ಇಂದಿಗೂ ವಿದ್ವಾಂಸರು ತೆರೆಯುವುದು ಅದೇ ಪುಟಗಳನ್ನು, ಅವುಗಳನ್ನು ಓದಲು ಬಾರದ ವಿದ್ಯಾರ್ಥಿ ತನ್ನ ಗುರುವಿನ ಪಾಠ ಬೇರೊಂದಕ್ಕಿಂತ ಎಲ್ಲಿ ಭಿನ್ನವೆಂಬುದನ್ನು ಸ್ವತಃ ಪರೀಕ್ಷಿಸಲಾರ. ಯೂಟ್ಯೂಬ್ ಇರುವಾಗ ಲಿಪಿ ಏತಕ್ಕೆ ಎನ್ನುವವರಿಗೆ, ಧ್ವನಿಮುದ್ರಣವು ಒಬ್ಬರು ಒಂದು ದಿನ ಹಾಡಿದ್ದನ್ನು ಕೊಡುತ್ತದೆಯೇ ಹೊರತು ಕೃತಿಯ ಕಟ್ಟಡವನ್ನಲ್ಲ ಎಂದಷ್ಟೇ ಹೇಳಿದರೆ ಸಾಕು.

ಚಿಹ್ನೆಗಳ ಕಲಿಕೆಗೆ ಹೆಚ್ಚು ಕಾಲ ಹಿಡಿಯದು: ‘ಸ’ ಒಂದು ಅಕ್ಷರಕಾಲ, ‘ಸಾ’ ಎರಡು, ಅಲ್ಪವಿರಾಮ ಒಂದು ಅಕ್ಷರಕಾಲವನ್ನೂ ಅರ್ಧವಿರಾಮ ಎರಡನ್ನೂ ಹಿಗ್ಗಿಸುತ್ತದೆ, ಮೇಲಿನ ಚುಕ್ಕೆ ತಾರಸ್ಥಾಯಿ, ಕೆಳಗಿನದು ಮಂದ್ರ, ಮೇಲೊಂದು ಗೆರೆ ಎಳೆದರೆ ವೇಗ ಇಮ್ಮಡಿ. ಕಾಲ ಹಿಡಿಯುವುದು ಬೇರೆಯದಕ್ಕೆ, ಕೈ ತಾಳ ಹಾಕುತ್ತಿರುವಾಗ ಕಣ್ಣು ಮುಂದಿನ ಅಕ್ಷರಗಳಿಗೆ ಸರಿದು, ಕಂಠ ನುಡಿಯುವ ಮೊದಲೇ ಅವು ಒಳಗಿವಿಯಲ್ಲಿ ಕೇಳಿಸುವಂತಾಗುವುದಕ್ಕೆ. ಈ ಅಭ್ಯಾಸವೇ ನಮ್ಮ ಪಾಠಗಳಲ್ಲಿ ತಪ್ಪಿಹೋಗಿದೆ. ಕರ್ನಾಟಕದ ಸಂಗೀತ ಪರೀಕ್ಷೆಗಳ ಶಾಸ್ತ್ರಪತ್ರಿಕೆಯಲ್ಲಿ ಗೀತೆಯನ್ನೋ ವರ್ಣವನ್ನೋ ಸ್ವರಲಿಪಿಯಲ್ಲಿ ಬರೆಯಿರೆಂದು ಕೇಳುವುದುಂಟು, ಮಕ್ಕಳು ಉರು ಹೊಡೆದದ್ದನ್ನು ತಪ್ಪಿಲ್ಲದೆ ಇಳಿಸುತ್ತಾರೆ. ಆದರೆ ಅದು ನೆನಪಿನ ಪರೀಕ್ಷೆ, ಓದಿನದಲ್ಲ. ಪಾಠ ಹೇಳುವವರು ವಾರಕ್ಕೊಮ್ಮೆ, ಶಿಷ್ಯರು ಚೆನ್ನಾಗಿ ಬಲ್ಲ ರಾಗದಲ್ಲಿ ಅವರು ಎಂದೂ ಕೇಳದ ಎರಡು ಆವರ್ತಗಳನ್ನು ಬರೆದುಕೊಟ್ಟು, ತಾವು ಮೊದಲು ಹಾಡಿ ತೋರಿಸದೆ, ಹತ್ತು ನಿಮಿಷ ಸುಮ್ಮನೆ ಕುಳಿತು ಕೇಳಲಿ.